ಖರ್ಚಿನ ಪುಸ್ತಕದಲ್ಲಿ ಇಲ್ಲದ ಬಾಬ್ತು

ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ನಮ್ಮ ಮನೆಯ ಲೆಕ್ಕ ಬರೆಯುತ್ತಿರುವವಳು ನನ್ನ ಪತ್ನಿ. ಹಾಲು, ತರಕಾರಿ, ಬಾಡಿಗೆ, ಶಾಲೆಯ ಶುಲ್ಕ, ಮದುವೆಯ ಮುಯ್ಯಿ ಎಲ್ಲಕ್ಕೂ ಆ ಪುಸ್ತಕದಲ್ಲಿ ಒಂದೊಂದು ಸಾಲಿದೆ. ಪ್ರೌಢಶಾಲೆಯ ಶಿಕ್ಷಕ ವೃತ್ತಿಯಿಂದ ನಿವೃತ್ತನಾಗಿ ಎರಡು ವರ್ಷ ಕಳೆದಿದ್ದ ನಾನು, 2024ರ ಫೆಬ್ರುವರಿಯ ಒಂದು ಸಂಜೆ ಹಳೆಯ ಲೆಕ್ಕದ ಪುಸ್ತಕಗಳನ್ನು ತಿರುವುತ್ತಿದ್ದೆ. ಪ್ರಯಾಣದ ಖರ್ಚೇನೂ ಕಡಿಮೆ ಇರಲಿಲ್ಲ. ಆದರೆ ಅದೆಲ್ಲ ಮದುವೆ, ಮುಂಜಿ, ತಿಥಿ, ಧರ್ಮಸ್ಥಳ, ತಿರುಪತಿಗಳ ಲೆಕ್ಕ. ಯಾವ ಕರ್ತವ್ಯದ ನೆಪವೂ ಇಲ್ಲದೆ ನಾವಿಬ್ಬರೇ ಸುಮ್ಮನೆ ನೋಡಿ ಬರಲು ಹೋದ ಒಂದು ಪ್ರಯಾಣವೂ ಅಲ್ಲಿರಲಿಲ್ಲ.

ಆಸೆ ಇರಲಿಲ್ಲವೆಂದಲ್ಲ. ಪಕ್ಕದ ಮನೆಯವರು ಮಲೇಷ್ಯಾದಿಂದ ತಂದಿದ್ದ ಆಲ್ಬಂನಲ್ಲಿ ಬಾತು ಗುಹೆಯ ಮುರುಗನ ಎತ್ತರದ ವಿಗ್ರಹವನ್ನೂ ಅದರ ಪಕ್ಕದ ಮೆಟ್ಟಿಲುಗಳನ್ನೂ ಕಂಡು, "ಇಲ್ಲಿಗೊಮ್ಮೆ ಹೋಗಬೇಕು ರೀ" ಎಂದಿದ್ದಳು. ಅದಕ್ಕಾಗಿ 2011ರಲ್ಲಿ ಕೂಡಿಟ್ಟ ಹಣ ಮಗಳ ಎಂಜಿನಿಯರಿಂಗ್ ಶುಲ್ಕಕ್ಕೆ ಹೋಯಿತು. 2018ರಲ್ಲಿ ಮತ್ತೆ ಕೂಡಿಟ್ಟದ್ದು ನನ್ನ ಹೃದಯದ ಚಿಕಿತ್ಸೆಗೆ ಹೋಯಿತು. ಎರಡೂ ನ್ಯಾಯವಾದ ಖರ್ಚುಗಳೇ. ನಮ್ಮಂಥವರ ಮನೆಗಳಲ್ಲಿ ಆಸೆಗಳನ್ನು ಕೊಲ್ಲುವುದು ದುಂದುಗಾರಿಕೆಯಲ್ಲ, ಇಂಥ ನ್ಯಾಯವಾದ ಖರ್ಚುಗಳೇ. ನಮ್ಮ ಪೀಳಿಗೆಯ ಅನೇಕರಿಗೆ ವಿದೇಶಯಾತ್ರೆ ಎಂಬುದು ಮಗಳ ಬಾಣಂತನದ ಇನ್ನೊಂದು ಹೆಸರು. ಅದಕ್ಕೆ ಟಿಕೆಟ್ ಕೊಳ್ಳುವವರು ಮಕ್ಕಳು. ನಮ್ಮ ಮಗಳೂ "ಖರ್ಚು ನಾನು ಕೊಡ್ತೀನಿ ಅಪ್ಪ" ಎಂದಳು. ಪತ್ನಿ ಒಪ್ಪಲಿಲ್ಲ. ಮಗಳ ಹಣದಲ್ಲಿ ಹೋದರೆ ಅದು ಅವಳ ಲೆಕ್ಕವಾಗುತ್ತದೆಯೇ ಹೊರತು ನಮ್ಮದಲ್ಲ ಎಂಬುದು ಅವಳ ವಾದ.

ಮೊದಲು ಒಬ್ಬ ಪ್ರವಾಸ ಏಜೆಂಟರನ್ನು ಕಂಡೆವು. ಜಾಹೀರಾತಿನ ದರ ಆಕರ್ಷಕವಾಗಿತ್ತು. ಆದರೆ ಅದರ ಮೇಲೆ ಶೇ 5ರಷ್ಟು ಜಿಎಸ್‌ಟಿ. ಜೊತೆಗೆ ವಿದೇಶ ಪ್ರವಾಸದ ಪ್ಯಾಕೇಜಿಗೆ 2024ರಲ್ಲಿ ಏಳು ಲಕ್ಷ ರೂಪಾಯಿಯವರೆಗೆ ಅನ್ವಯಿಸುತ್ತಿದ್ದ ಶೇ 5ರಷ್ಟು ಮೂಲದಲ್ಲೇ ತೆರಿಗೆ ಸಂಗ್ರಹ. ಈ ಎರಡನೆಯದನ್ನು ವರಮಾನ ತೆರಿಗೆಯ ವಿವರ ಸಲ್ಲಿಸುವಾಗ ಹೊಂದಿಸಿಕೊಳ್ಳಬಹುದು, ಇಲ್ಲವೇ ಮರಳಿ ಪಡೆಯಬಹುದು. ಆದರೆ ಅಲ್ಲಿಯವರೆಗೆ ಹಣ ಕೈಬಿಟ್ಟಿರುತ್ತದೆ. ಕಂತಿನಲ್ಲಿ ಪಾವತಿಸುವ ಸೌಲಭ್ಯವೂ ಇದೆಯೆಂದು ಅವರು ಹೇಳಿದರು. ಮನೆಗೆ, ವಿದ್ಯೆಗೆ ಸಾಲ ಮಾಡುವುದು ಬೇರೆ. ಒಂಬತ್ತು ದಿನಗಳ ಸಂತೋಷಕ್ಕೆ ಎರಡು ವರ್ಷ ಬಡ್ಡಿ ತೆರುವುದು ಬೇರೆ. ನಮಸ್ಕಾರ ಹೇಳಿ ಎದ್ದು ಬಂದೆವು.

ಆ ರಾತ್ರಿ ಊಟದ ಮೇಜಿನ ಮೇಲೆ ಹೊಸ ಪುಸ್ತಕ ತೆರೆದುಕೊಂಡಿತು. 2023ರ ಡಿಸೆಂಬರ್ 1ರಿಂದ ಭಾರತೀಯರಿಗೆ ಮೂವತ್ತು ದಿನಗಳ ಮಟ್ಟಿಗೆ ವೀಸಾ ಇಲ್ಲದೆ ಬರಲು ಮಲೇಷ್ಯಾ ಅವಕಾಶ ಕೊಟ್ಟಿದ್ದರಿಂದ ಒಂದು ಬಾಬ್ತು ಇಲ್ಲವಾಗಿತ್ತು. ಇಬ್ಬರ ವಿಮಾನದ ಟಿಕೆಟ್ಟಿಗೆ 40,000 ರೂಪಾಯಿ. ನನ್ನ ಪಾಸ್‌ಪೋರ್ಟಿನ ನವೀಕರಣ, ಐವತ್ತೇಳನೆಯ ವಯಸ್ಸಿನಲ್ಲಿ ಅವಳು ಮಾಡಿಸಿದ ಮೊದಲ ಪಾಸ್‌ಪೋರ್ಟ್ ಸೇರಿ 3,000. ಹೃದಯದ ಚಿಕಿತ್ಸೆಯ ವಿಷಯ ಮುಚ್ಚಿಡದೆ ತಿಳಿಸಿ ಪಡೆದ ಪ್ರವಾಸ ವಿಮೆಗೆ 6,000. ಮುಚ್ಚಿಟ್ಟಿದ್ದರೆ ಕಂತು ಇಳಿಯುತ್ತಿತ್ತು. ಆದರೆ ಕಷ್ಟಕಾಲದಲ್ಲಿ ಆ ವಿಮೆ ಕಾಗದವಾಗಿಯೇ ಉಳಿಯುತ್ತಿತ್ತು. ನಮ್ಮ ಮನೆಯಿಂದ ದೇವನಹಳ್ಳಿಗೆ ಹೋಗಿಬರುವ ಟ್ಯಾಕ್ಸಿಗೆ 3,000.

ಉಳಿದದ್ದು ರಿಂಗಿಟ್ ಲೆಕ್ಕ. ಕ್ವಾಲಾಲಂಪುರದಲ್ಲಿ ನಾಲ್ಕು ರಾತ್ರಿ, ಪೆನಾಂಗಿನಲ್ಲಿ ನಾಲ್ಕು ರಾತ್ರಿ. ಕೋಣೆಗೆ ದಿನಕ್ಕೆ 200ರಂತೆ 1,600. ವಿದೇಶೀಯರು ಕೋಣೆಗೆ ದಿನಕ್ಕೆ 10 ರಿಂಗಿಟ್ ಪ್ರವಾಸಿ ತೆರಿಗೆ ಕೊಡಬೇಕು, ಅದು 80. ಊಟಕ್ಕೆ ದಿನಕ್ಕೆ 100ರಂತೆ 900. ಓಡಾಟಕ್ಕೆ 600, ಪ್ರವೇಶದರಗಳಿಗೆ 300. ಇಲ್ಲೊಂದು ಪಾಠ ಕಲಿತೆವು. ವಿಮಾನ ನಿಲ್ದಾಣದಿಂದ ನಗರಕ್ಕೆ ಹೋಗುವ ವೇಗದ ರೈಲಿಗೆ ಒಬ್ಬರಿಗೆ 55 ರಿಂಗಿಟ್; ಬಸ್ಸಿಗೆ ಅದರ ಮೂರನೇ ಒಂದು ಭಾಗವೂ ಆಗದು. ಅರ್ಧ ಗಂಟೆ ಉಳಿಸಲು ಅಷ್ಟೊಂದು ತೆರಬೇಕಾದ ಅವಸರ ನಿವೃತ್ತರಿಗೇಕೆ?

ಒಟ್ಟು 3,480 ರಿಂಗಿಟ್. ಆಗ ಒಂದು ರಿಂಗಿಟ್ಟಿಗೆ ಸುಮಾರು 17.50 ರೂಪಾಯಿ, ಅಂದರೆ 60,900. ಎಲ್ಲ ಸೇರಿ 1,12,900. ಅದರ ಹತ್ತರಲ್ಲೊಂದು ಭಾಗದಷ್ಟು, 11,000 ರೂಪಾಯಿ ಆಪದ್ಧನ. ಮುಗಿಯಿತೆಂದು ನಾನು ಗೆರೆ ಎಳೆಯುವಷ್ಟರಲ್ಲಿ ಅವಳು ಪುಸ್ತಕ ಎಳೆದುಕೊಂಡು ‘ತರಬೇಕಾದ ಉಡುಗೊರೆ: 8,000’ ಎಂದು ಬರೆದಳು. ನಾನು ಗೊಣಗಿದೆ. "ಬರೆಯದೆ ಬಿಟ್ಟರೆ ಖರ್ಚು ತಪ್ಪುತ್ತದೆಯೇ?" ಎಂದಳು. ಬಜೆಟ್ ಕುರಿತು ಇದಕ್ಕಿಂತ ದೊಡ್ಡ ಮಾತನ್ನು ನಾನು ಎಲ್ಲಿಯೂ ಕೇಳಿಲ್ಲ.

ರಜೆಯ ದಟ್ಟಣೆಗೆ ಮುನ್ನ, ಡಿಸೆಂಬರ್ ಮೊದಲ ವಾರದಲ್ಲಿ ಹೊರಟೆವು. ಅಷ್ಟರಲ್ಲಿ ರಿಂಗಿಟ್ ಸುಮಾರು 19 ರೂಪಾಯಿಗೆ ಏರಿತ್ತು. ನಾವು ಒಂದು ಇಡ್ಲಿಯನ್ನೂ ಹೆಚ್ಚಿಗೆ ತಿನ್ನದೆ 5,220 ರೂಪಾಯಿ ಹೆಚ್ಚುವರಿ ಖರ್ಚು ಬಿತ್ತು. ಕಾರ್ಡಿನ ಮೇಲೆ ಬ್ಯಾಂಕು ಹಾಕಿದ ವಿನಿಮಯ ಶುಲ್ಕ, ಅದರ ಮೇಲಿನ ಜಿಎಸ್‌ಟಿ ಸೇರಿ ಇನ್ನೂ ಸುಮಾರು 1,900. ಅಂಗಡಿಯ ಕಾರ್ಡ್ ಯಂತ್ರ ಕೆಲವೊಮ್ಮೆ "ರೂಪಾಯಿಯಲ್ಲಿ ಪಾವತಿಸುವಿರಾ?" ಎಂದು ಕೇಳುತ್ತದೆ. ನಮ್ಮ ನಾಣ್ಯದ ಹೆಸರು ಕಂಡು ಮರುಳಾಗಬಾರದು. ಆ ಪರಿವರ್ತನೆಯ ದರ ಸಾಮಾನ್ಯವಾಗಿ ನಮಗೆ ನಷ್ಟದ್ದೇ. ಅಲ್ಲಿಯ ನಾಣ್ಯವನ್ನೇ ಆರಿಸಬೇಕು.

ಮೂರನೆಯ ದಿನ ಕ್ವಾಲಾಲಂಪುರದ ಸೆಂಟ್ರಲ್ ನಿಲ್ದಾಣದಿಂದ ಲೋಕಲ್ ರೈಲು ಹಿಡಿದು ಬಾತು ಗುಹೆಗೆ ಹೋದೆವು. ಆಲ್ಬಂನಲ್ಲಿ ಸಾದಾ ಇದ್ದ 272 ಮೆಟ್ಟಿಲುಗಳಿಗೆ 2018ರಲ್ಲಿ ಬಗೆಬಗೆಯ ಬಣ್ಣ ಬಳಿದಿದ್ದಾರೆ. ಪತ್ನಿ ಸೆರಗು ಸಿಕ್ಕಿಸಿಕೊಂಡು ಹತ್ತತೊಡಗಿದಳು. ನಲವತ್ತರ ಹತ್ತಿರ ಅವಳ ಮೊಣಕಾಲು ನಿಂತುಬಿಟ್ಟಿತು. ಕೈಹಿಡಿದು ಮೇಲೇರಿಸಲು ನನ್ನ ಹೃದಯಕ್ಕೂ ಧೈರ್ಯವಿರಲಿಲ್ಲ. ಕೆಳಗಿಳಿದು ಕುಳಿತು, ಪಾರಿವಾಳಗಳ ನಡುವೆ ಮೇಲೇರುತ್ತಿದ್ದವರನ್ನು ನೋಡುತ್ತ ಎಳನೀರು ಕುಡಿದೆವು. "2011ರಲ್ಲಿ ಬಂದಿದ್ದರೆ ಹತ್ತುತ್ತಿದ್ದೆ ಅಲ್ವೇನ್ರೀ" ಎಂದಳು. ದೂರಿನ ಧ್ವನಿಯಲ್ಲ, ಲೆಕ್ಕ ಒಪ್ಪಿಸುವ ಧ್ವನಿ.

ಹಣದುಬ್ಬರ, ವಿನಿಮಯ ದರ, ತೆರಿಗೆ ಎಲ್ಲವನ್ನೂ ಬರೆದಿದ್ದ ನಾವು ಬರೆಯದೆ ಬಿಟ್ಟಿದ್ದ ಬಾಬ್ತು ಅದು. ಆರ್‌ಡಿ ಖಾತೆಯಲ್ಲಿ ಹಣವನ್ನು ಕೂಡಿಡಬಹುದು, ಮೊಣಕಾಲನ್ನು ಕೂಡಿಡಲಾಗದು. ಮಗಳ ಶುಲ್ಕ ಕಟ್ಟಿದ್ದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಆದರೆ 2011 ಮತ್ತು 2018ರ ನಡುವಿನ ಏಳು ವರ್ಷಗಳಲ್ಲಿ, 2018ರ ನಂತರದ ಆರು ವರ್ಷಗಳಲ್ಲಿ, ತಿಂಗಳಿಗಿಷ್ಟು ಎಂದು ಒಂದು ಸಾಲು ಬರೆಯಲು ನಮ್ಮನ್ನು ತಡೆದದ್ದು ಬಡತನವಲ್ಲ, ಸಂಕೋಚ. ನಮಗಾಗಿ ಖರ್ಚು ಮಾಡುವುದು ತಪ್ಪೆಂಬ ಸಂಕೋಚ. ಬಜೆಟ್ ಎಂದರೆ ಬೇಡವೆನ್ನುವ ವಿದ್ಯೆ ಎಂದೇ ನಾವು ಕಲಿತಿದ್ದೆವು. ಬೇಕು ಎನ್ನಲೂ ಅದೇ ಪುಸ್ತಕ ಅನುಮತಿ ಕೊಡುತ್ತದೆಂದು ತಿಳಿಯುವಾಗ ತಡವಾಗಿತ್ತು.

ಆಪದ್ಧನದಲ್ಲಿ 1,500 ರೂಪಾಯಿ ಪೆನಾಂಗಿನ ಔಷಧದ ಅಂಗಡಿಯಲ್ಲಿ ಕೊಂಡ ಮೊಣಕಾಲಿನ ಪಟ್ಟಿಗೆ ಹೋಯಿತು. ಊರಿಗೆ ಬಂದಾಗ ಉಳಿದದ್ದು ಎರಡು ಸಾವಿರ ಚಿಲ್ಲರೆ. ಅದನ್ನು ಏನು ಮಾಡೋಣವೆಂದು ಕೇಳಿದೆ. ಅವಳು ಆಗಲೇ ಹಾಲು, ತರಕಾರಿಗಳ ಸಾಲಿನ ಕೆಳಗೆ ‘ನಮ್ಮಿಬ್ಬರದು’ ಎಂದು ಬರೆದು ಮುಂದೆ ಅಷ್ಟನ್ನೂ ಜಮಾ ಮಾಡಿದ್ದಳು. ಮುಂದಿನ ಊರು ಯಾವುದೆಂದು ಇನ್ನೂ ನಿಶ್ಚಯವಾಗಿರಲಿಲ್ಲ. ಮೆಟ್ಟಿಲು ಕಡಿಮೆ ಇರಬೇಕೆಂಬುದಷ್ಟೇ ಷರತ್ತು.