ಮೇಜು ಗರಗಸ: ಬೆರಳೂ ಉಳಿಯಲಿ, ಅಳತೆಯೂ ಉಳಿಯಲಿ

ಪುಣೆ–ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯು ಮಹಾರಾಷ್ಟ್ರವನ್ನು ದಾಟಿ ಕರ್ನಾಟಕವನ್ನು ಪ್ರವೇಶಿಸುವುದು ಕೊಗನೊಳ್ಳಿಯ ಬಳಿ. ಗಡಿಯಾಚೆ ಕಾಗಲ್‌ನ ಕೈಗಾರಿಕಾ ವಸಾಹತು, ಈಚೆ ನಿಪ್ಪಾಣಿಯ ಪೇಟೆ. ಇಂಥ ಮಾರ್ಗದಲ್ಲಿ ಬಾಗಿಲು-ಚೌಕಟ್ಟು, ಪೀಠೋಪಕರಣ, ಪ್ಯಾಕಿಂಗ್ ಪೆಟ್ಟಿಗೆಗಳನ್ನು ತಯಾರಿಸಬಯಸುವ ಸಣ್ಣ ಉದ್ಯಮಿಗೆ ಮೇಜು ಗರಗಸವೇ ಮುಖ್ಯ ಬಂಡವಾಳ. ಅದೇ ಯಂತ್ರವು ಕ್ಷಣಾರ್ಧದಲ್ಲಿ ನುರಿತ ಬಡಿಗನ ಕೈಯನ್ನು ನಿರುಪಯುಕ್ತಗೊಳಿಸಬಲ್ಲದು. 1923ರ ನಷ್ಟ ಪರಿಹಾರ ಕಾಯ್ದೆಯ ಅನುಬಂಧವು ಒಂದು ಹೆಬ್ಬೆರಳಿನ ನಷ್ಟವನ್ನು ಗಳಿಕೆಯ ಸಾಮರ್ಥ್ಯದಲ್ಲಿ ಶೇ. 30ರಷ್ಟು ನಷ್ಟವೆಂದು ಎಣಿಸಿತ್ತು.

1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ವಿದ್ಯುತ್ ಬಳಸಿ 10 ಜನ ದುಡಿಯುವ ಸ್ಥಳವು ಕಾರ್ಖಾನೆ ಎನಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯು ಈ ಮಿತಿಯನ್ನು 20ಕ್ಕೆ ಏರಿಸಿದೆ. ಐದಾರು ಜನರ ಶೆಡ್ಡಿಗೆ ಇನ್‌ಸ್ಪೆಕ್ಟರರು ಬರಲಿಕ್ಕಿಲ್ಲ. ಆದರೆ ಗರಗಸದ ಹಲ್ಲಿಗೆ ತಲೆಗಳ ಲೆಕ್ಕ ತಿಳಿಯದು. ಅಲ್ಲಿ ಮಾಲೀಕನ ಎಚ್ಚರಿಕೆಯೇ ಕಾಯ್ದೆ.

10 ಅಂಗುಲದ ಬ್ಲೇಡು ನಿಮಿಷಕ್ಕೆ 4,000 ಸುತ್ತು ತಿರುಗಿದರೆ ಅದರ ಹಲ್ಲಿನ ವೇಗ ಗಂಟೆಗೆ ಸುಮಾರು 190 ಕಿ.ಮೀ. ಸೀಳುವಾಗ ಜಾಲಿ, ಬೇವಿನಂಥ ಮರದ ಒಳಬಿಗಿತ ಸಡಿಲಿ, ಸೀಳು ಹಿಂಬದಿಯಲ್ಲಿ ಕೂಡಿಕೊಂಡು ಬ್ಲೇಡನ್ನು ಹಿಡಿಯುವುದುಂಟು. ಆಗ ಹಿಂಬದಿಯ ಏರುಹಲ್ಲುಗಳು ಹಲಗೆಯನ್ನು ಮೇಲೆತ್ತಿ ಕೆಲಸಗಾರನತ್ತ ಎಸೆಯುತ್ತವೆ. ಬ್ಲೇಡಿನ ಬೆನ್ನಿಗೆ ನಿಲ್ಲುವ ಸೀಳುಪಟ್ಟಿಯು ಇದನ್ನು ತಡೆಯುತ್ತದೆ. ಅದು ಬ್ಲೇಡಿನ ಮೈಗಿಂತ ದಪ್ಪವಾಗಿಯೂ ಸೀಳಿನ ಅಗಲಕ್ಕಿಂತ ತೆಳುವಾಗಿಯೂ ಇರತಕ್ಕದ್ದು. ಅಡ್ಡಿಯೆಂದು ಅದನ್ನು ಕಳಚಿಡುವುದು ಅಪಾಯಕ್ಕೆ ಆಹ್ವಾನ.

ಕೆಲಸಗಾರನು ಬ್ಲೇಡಿನ ನೇರಕ್ಕೆ ನಿಲ್ಲದೆ ಒಂದು ಬದಿಗೆ ನಿಲ್ಲಬೇಕು. ಕಿರಿದಾದ ಪಟ್ಟಿಗಳನ್ನು ತಳ್ಳುಕೋಲಿನಿಂದಲೇ ನೂಕಬೇಕು. ಕೈಗವಸು, ಹೆಗಲ ಮೇಲಿನ ಟವೆಲು, ಸಡಿಲ ತೋಳು ಸಲ್ಲವು. ಅಡ್ಡ ಕೊಯ್ಯುವಾಗ ಹಲಗೆಯ ತುದಿಯನ್ನು ಉದ್ದದ ಗೈಡಿಗೆ ತಾಗಿಸಿದರೆ ತುಂಡು ನಡುವೆ ಸಿಕ್ಕಿ ಸಿಡಿಯುತ್ತದೆ.

ನಮ್ಮ ಭಾಗಕ್ಕೆ ವಿಶೇಷವಾಗಿ ಅನ್ವಯಿಸುವ ಮಾತೊಂದಿದೆ. ಕೊಯ್ಯುವಾಗಲೇ ವಿದ್ಯುತ್ ಹೋಗಿ ಮರಳಿದರೆ ಸಾದಾ ಸ್ವಿಚ್ಚಿನ ಗರಗಸ ತಾನಾಗಿ ತಿರುಗತೊಡಗುತ್ತದೆ. ನೋ-ವೋಲ್ಟ್ ಕಾಯಿಲ್ ಇರುವ ಸ್ಟಾರ್ಟರ್ ಕೂಡಿಸಿದರೆ, ಮತ್ತೆ ಗುಂಡಿ ಒತ್ತುವವರೆಗೆ ಯಂತ್ರ ಏಳದು. ಹೊಲದ ಪಂಪ್‌ಸೆಟ್ಟಿನ ಆಟೋ ಸ್ವಿಚ್ಚು ಗರಗಸಕ್ಕೆ ಎಂದಿಗೂ ಸಲ್ಲದು.

ನಿಖರತೆಗೂ ಸುರಕ್ಷತೆಗೂ ಮೂಲ ಒಂದೇ. ಗೈಡು ಬ್ಲೇಡಿಗೆ ಸಮಾನಾಂತರವಾಗಿರದಿದ್ದರೆ ಅಂಚು ಸುಟ್ಟು ಕಪ್ಪಾಗುತ್ತದೆ, ಹಲಗೆ ಸಿಡಿಯುವ ಸಂಭವವೂ ಹೆಚ್ಚುತ್ತದೆ. ಪ್ಲಗ್ ಕಳಚಿ, ಒಂದೇ ಹಲ್ಲಿಗೆ ಗುರುತು ಮಾಡಿ, ಅದನ್ನು ಮುಂದೆಯೂ ಹಿಂದೆಯೂ ತಿರುಗಿಸಿ ಗೈಡಿನವರೆಗಿನ ಅಂತರವನ್ನು ಅಳೆಯಬೇಕು. ಗುಣ್ಯಾ ಹಿಡಿದು ಬ್ಲೇಡು ಮೇಜಿಗೆ ಲಂಬವಾಗಿದೆಯೇ ಎಂದು ನೋಡಬೇಕು. ಕೊಯ್ದ ಎರಡು ತುಂಡುಗಳಲ್ಲಿ ಒಂದನ್ನು ಮಗುಚಿ ಜೋಡಿಸಿದರೆ, ಇರುವ ತಪ್ಪು ಇಮ್ಮಡಿಯಾಗಿ ಕಾಣುತ್ತದೆ.

ಸೀಳಿನ ಅಗಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. 2,440 ಮಿ.ಮೀ. ಉದ್ದದ ಪ್ಲೈವುಡ್ ಹಾಳೆಯಲ್ಲಿ 305 ಮಿ.ಮೀ.ನ 8 ತುಂಡು ಕಾಗದದ ಮೇಲೆ ಸರಿಹೊಂದುತ್ತವೆ. ಆದರೆ 3 ಮಿ.ಮೀ.ನ 7 ಸೀಳಿನಲ್ಲಿ 21 ಮಿ.ಮೀ. ಹೊಟ್ಟಾಗಿ, ಕೊನೆಯ ತುಂಡು 284ಕ್ಕೆ ಇಳಿಯುತ್ತದೆ. ಬೇಡಿಕೆ ಒಪ್ಪಿಕೊಳ್ಳುವ ಮುನ್ನವೇ ಈ ಲೆಕ್ಕ ಮುಗಿದಿರಬೇಕು.

ಅಮೆರಿಕದಲ್ಲಿ 1999ರಲ್ಲಿ ಸ್ಟೀವ್ ಗ್ಯಾಸ್ ರೂಪಿಸಿದ ತಂತ್ರವು ಚರ್ಮ ಸೋಕಿದೊಡನೆ 5 ಮಿಲಿಸೆಕೆಂಡಿನೊಳಗೆ ಬ್ಲೇಡನ್ನು ನಿಲ್ಲಿಸುತ್ತದೆ. ಅಂಥ ಯಂತ್ರ ಎಲ್ಲರ ಕೈಗೆ ಎಟುಕದು. ಸೀಳುಪಟ್ಟಿ, ತಳ್ಳುಕೋಲು, ಸರಿಯಾದ ಸ್ಟಾರ್ಟರ್, ಈ ಮೂರನ್ನು ನಮ್ಮ ಯಾವ ಶೆಡ್ಡೂ ಇಟ್ಟುಕೊಳ್ಳಬಲ್ಲದು. ಉದ್ಯಮಿ ಬಾಂಧವರು ಈ ವಾರವೇ ತಮ್ಮ ಯಂತ್ರವನ್ನೊಮ್ಮೆ ಪರಿಶೀಲಿಸುವುದು ಒಳಿತು.