ಬಿರುಕಿನ ದಂಡೆಯ ಶಾಸನಸಭೆ

ಐಸ್‌ಲ್ಯಾಂಡಿನ ಥಿಂಗ್‌ವೆಟ್ಲಿರ್, ಜೂನ್ ಕೊನೆ. ರಾತ್ರಿ ಹತ್ತಾದರೂ ಹೊತ್ತು ಮುಳುಗಿಲ್ಲ. ಅಲ್ಮನ್ನಗ್ಯಾ ಕಂದರದ ಕರಿಯ ಬಸಾಲ್ಟ್ ಗೋಡೆಯ ಮೇಲೆ ಕಲ್ಲುಹೂವು ಬೂದು ಚಕ್ಕೆಗಳಾಗಿ ಹಬ್ಬಿದೆ. ಸಂದುಗಳಲ್ಲಿ ಮೆತ್ತನೆಯ ಹಾವಸೆ. ಕೆಳಗಿನ ಬಯಲಿನಿಂದ ಗೋಲ್ಡನ್ ಪ್ಲೋವರ್ ಹಕ್ಕಿಯ ಒಂಟಿ ಸ್ವರ ಬಿಟ್ಟುಬಿಟ್ಟು ಕೇಳುತ್ತದೆ.

ಉತ್ತರ ಅಮೆರಿಕ ಮತ್ತು ಯುರೇಷಿಯಾದ ಭೂಫಲಕಗಳು ಇಲ್ಲಿ ದೂರ ಸರಿಯುತ್ತಿವೆ. ಕಳೆದ 10,000 ವರ್ಷಗಳಲ್ಲಿ ಕಣಿವೆ ಸುಮಾರು 70 ಮೀಟರ್ ಅಗಲವಾಗಿದೆ, 40 ಮೀಟರ್ ಕುಸಿದಿದೆ. ಸರಾಸರಿ ತೆಗೆದರೆ ಅಗಲ ಹೆಚ್ಚುವುದು ವರ್ಷಕ್ಕೆ 7 ಮಿಲಿಮೀಟರ್. ಆದರೆ ನೆಲ ಹಾಗೆ ಲೆಕ್ಕವಿಟ್ಟು ಸರಿಯುವುದಿಲ್ಲ. ಬಿಗಿತ ಒಳಗೊಳಗೇ ಕೂಡುತ್ತ ಹೋಗಿ ಒಮ್ಮೆಲೇ ಸಡಿಲುತ್ತದೆ. 1789ರ ಭೂಕಂಪಗಳಲ್ಲಿ ಬಯಲು ಕುಸಿದು, ಪಕ್ಕದ ಸರೋವರದ ನೀರು ದಡದ ಹುಲ್ಲುಗಾವಲಿಗೆ ನುಗ್ಗಿತು.

930ರ ಸುಮಾರಿಗೆ ನಾಡಿನ ಶಾಸನಸಭೆ ಆಲ್ಥಿಂಗ್ ಆರಂಭವಾದದ್ದು ಇದೇ ಬಯಲಿನಲ್ಲಿ. ಆಗ ಕಾನೂನಿಗೆ ಬರಹವಿರಲಿಲ್ಲ. ಅದನ್ನು ಹೇಳಲೆಂದೇ ಆರಿಸಿದ ಒಬ್ಬಾತ ಪ್ರತಿ ಬೇಸಿಗೆ ಮೂರರಲ್ಲೊಂದು ಪಾಲನ್ನು ಬಾಯಿಪಾಠ ಒಪ್ಪಿಸುತ್ತಿದ್ದ. ಮೂರು ಬೇಸಿಗೆಗೆ ಕಾನೂನು ಇಡಿಯಾಗಿ ಜನರ ಕಿವಿಗೆ ಬಿದ್ದಿರುತ್ತಿತ್ತು. 1117ರ ಚಳಿಗಾಲದಲ್ಲಿ ಅದನ್ನು ಬರೆದಿಡಲು ತೊಡಗಿದರು.

1262–64ರಲ್ಲಿ ನಾಡು ನಾರ್ವೆಯ ದೊರೆಗೆ ಅಧೀನವಾಯಿತು. ಸಭೆ ನಿಲ್ಲಲಿಲ್ಲ; ಶಾಸನ ಮಾಡುವ ಅಧಿಕಾರ ಸ್ವಲ್ಪಸ್ವಲ್ಪವೇ ಸೋರಿತು. 1662ರಲ್ಲಿ, ಆ ವೇಳೆಗೆ ನಾಡನ್ನು ಆಳುತ್ತಿದ್ದ ಡೆನ್ಮಾರ್ಕ್ ದೊರೆಯ ನಿರಂಕುಶ ಆಳ್ವಿಕೆಯನ್ನು ಒಪ್ಪಿಕೊಂಡ ಮೇಲೆ ಉಳಿದದ್ದು ಬಹುಪಾಲು ನ್ಯಾಯಾಲಯ. ಆ ಭೂಕಂಪಗಳಾದ ಒಂಬತ್ತು ವರ್ಷಕ್ಕೆ, 1798ರಲ್ಲಿ, ಬಯಲಿನ ಕೊನೆಯ ಕೂಟ ನಡೆಯಿತು. 1800ರಲ್ಲಿ ಸಭೆಯೇ ರದ್ದು.

ಮರಳಿ ಬಂದದ್ದೂ ನಿಧಾನವಾಗಿಯೇ. 1845ರಲ್ಲಿ ರೇಕ್ಯಾವಿಕ್‌ನಲ್ಲಿ ಸೇರಿದ ಸಭೆ ಸಲಹೆ ಕೊಡಬಹುದಿತ್ತು, ಅಷ್ಟೇ. 1874ರಲ್ಲಿ ದೊರೆಯೊಂದಿಗೆ ಹಂಚಿಕೊಂಡ ಶಾಸನಾಧಿಕಾರ ಬಂತು. 1904ರಲ್ಲಿ ಸಭೆಗೆ ಉತ್ತರ ಹೇಳಬೇಕಾದ ಮಂತ್ರಿ ಬಂದ. 1915ರಲ್ಲಿ ನಲವತ್ತು ದಾಟಿದ ಮಹಿಳೆಯರಿಗೆ ಮತದ ಹಕ್ಕು ಸಿಕ್ಕಿತು. 1920ರಲ್ಲಿ ಆ ವಯಸ್ಸಿನ ನಿರ್ಬಂಧ ಹೋಯಿತು. 1944ರ ಜೂನ್ 17ರಂದು ಈ ಬಯಲಿನಲ್ಲೇ ಗಣರಾಜ್ಯದ ಘೋಷಣೆಯಾಯಿತು. 1991ರಲ್ಲಿ ಸಭೆಯ ಎರಡು ಸದನಗಳು ಒಂದಾದವು.

ಚರಿತ್ರೆಯ ಪುಟಗಳಲ್ಲಿ 1800 ಮತ್ತು 1944 ಎದ್ದು ಕಾಣುತ್ತವೆ. ಆದರೆ ಸಭೆ ಮುಚ್ಚುವ ಹೊತ್ತಿಗೆ ಅದರ ಅಧಿಕಾರ ಆಗಲೇ ಹೋಗಿತ್ತು. ಗಣರಾಜ್ಯ ಘೋಷಿಸುವ ಹೊತ್ತಿಗೆ ಆಗಲೇ ಮರಳಿತ್ತು. ಶಾಸನಸಭೆಯ ಆರೋಗ್ಯವನ್ನು ನೋಡಬೇಕಾದದ್ದು ಏನೂ ಆಗುತ್ತಿಲ್ಲವೆಂದು ತೋರುವ ವರ್ಷಗಳಲ್ಲಿ: ಯಾವ ಪ್ರಶ್ನೆ ಕೇಳುವುದನ್ನು ಬಿಟ್ಟರು, ಯಾರಿಗೆ ಹೊಸದಾಗಿ ಮತದ ಹಕ್ಕು ಬಂತು, ಮಂತ್ರಿ ಯಾರಿಗೆ ಉತ್ತರ ಹೇಳುತ್ತಾನೆ ಎಂಬಲ್ಲಿ. ತಡೆಯಲು, ತಿದ್ದಲು ಸಮಯ ಇರುವುದೂ ಆ ವರ್ಷಗಳಲ್ಲೇ.