ಗಾಳಿಗೆ ಒಡ್ಡಿದ ನಾಲ್ಕು ಕಿವಿ

ಇಲ್ಲಿ ಇಲಿನಾಯ್‌ನಲ್ಲಿ ಹುಟ್ಟಿದ ಮಕ್ಕಳಿಗೆ ತವರಿನ ಕಲೆ ತೋರಿಸಬೇಕು ಎಂದು ಕೂತಾಗಲೆಲ್ಲ ನಮ್ಮ ಕನ್ನಡ ಸಂಘದ ಸಮಿತಿಗಳಿಗೆ ನೆನಪಾಗುವುದು ಯಕ್ಷಗಾನದ ಕಿರೀಟ, ಡೊಳ್ಳು, ಚನ್ನಪಟ್ಟಣದ ಬೊಂಬೆ, ಕಿನ್ನಾಳದ ಗೊಂಬೆ. ಅವೆಲ್ಲ ಬೇಕೇ ಬೇಕು. ಆದರೆ ಅವು ವಿಮಾನದಲ್ಲಿ ಬರಬೇಕು, ಬಂದಮೇಲೆ ಮೇಜಿನ ಮೇಲೆ ಕೂರಬೇಕು, ಮಕ್ಕಳು ಕೈಕಟ್ಟಿ ನೋಡಬೇಕು. ನಾನು ಇಲ್ಲಿ ಬರೆಯುತ್ತಿರುವುದು ಮುಟ್ಟದೆ ಹೋದರೆ ಅರ್ಥವೇ ಇಲ್ಲದ ಒಂದು ಆಟಿಕೆಯ ಬಗ್ಗೆ, ಗಿರಗಿಟ್ಲೆಯ ಬಗ್ಗೆ.

ಬೆಂಗಳೂರಿನವರಿಗೆ ಗಿರಗಿಟ್ಲೆ ಎಂದರೆ ಬಸವನಗುಡಿಯ ಕಡಲೆಕಾಯಿ ಪರಿಷೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಗುಡಿಯ ಸುತ್ತ ಕಡಲೆಕಾಯಿ ರಾಶಿಗಳ ನಡುವೆ ಬಣ್ಣದ ಗಿರಗಿಟ್ಲೆ ಚುಚ್ಚಿದ ಕೋಲು ಹೊತ್ತವರು ಓಡಾಡುತ್ತಾರೆ. ಊರ ಜಾತ್ರೆಗಳಲ್ಲೂ ಅಷ್ಟೇ. ಅದು ಕೊಳ್ಳುವ ಗಿರಗಿಟ್ಲೆ. ಜಾತ್ರೆ ವರ್ಷಕ್ಕೊಮ್ಮೆ ಬರುತ್ತದೆ, ಉಳಿದ ದಿನಗಳಲ್ಲಿ ಮಕ್ಕಳು ತಾವೇ ಮಾಡಿಕೊಳ್ಳುತ್ತಿದ್ದರು. ನನಗೆ ಹೇಳಬೇಕಾಗಿರುವುದು ಆ ಮಾಡಿಕೊಂಡ ಗಿರಗಿಟ್ಲೆಯ ಕಥೆ.

ಕರಾವಳಿಯಲ್ಲಿ ಅದಕ್ಕೆ ತೆಂಗಿನ ಗರಿ ಸಾಕು. ಗರಿಯ ನಡುವಿನ ಕಡ್ಡಿ ಬಿಡಿಸಿದರೆ ಎರಡು ಹಸಿರು ಪಟ್ಟಿ ಸಿಗುತ್ತವೆ. ಎರಡನ್ನೂ ಒಂದರೊಳಗೊಂದು ಸಿಕ್ಕಿಸಿ ಬಿಗಿದರೆ ನಡುವೆ ಚೌಕದ ಗಂಟು, ನಾಲ್ಕು ದಿಕ್ಕಿಗೆ ನಾಲ್ಕು ರೆಕ್ಕೆ. ಬಿಡಿಸಿದ ಕಡ್ಡಿಯನ್ನೇ ಗಂಟಿನ ನಡುವೆ ತೂರಿಸಿದರೆ ಹಿಡಿಕೆಯೂ ಆಯಿತು. ಕತ್ತರಿ ಬೇಡ, ಅಂಟು ಬೇಡ. ಹಿಡಿದುಕೊಂಡು ಓಡಬೇಕು ಅಷ್ಟೇ. ಒಂದೇ ಗರಿಯಲ್ಲಿ ರೆಕ್ಕೆ, ಅಚ್ಚು, ಹಿಡಿ ಮೂರೂ ಇರುವುದನ್ನು ಕಂಡುಕೊಂಡ ಮೊದಲ ಕೈ ಯಾವುದೋ, ಆ ಕೈಗೆ ನನ್ನ ನಮಸ್ಕಾರ.

ಘಟ್ಟ ಹತ್ತಿ ಬಯಲಿಗೆ ಬಂದರೆ ತೆಂಗಿನ ಗರಿಯ ಜಾಗಕ್ಕೆ ಜೋಳದ ದಂಟು ಬರುತ್ತದೆ. ಗದಗ, ಧಾರವಾಡ, ವಿಜಯಪುರದ ಕಡೆ ಬೆಳೆದವರಿಗೆ ಗೊತ್ತು: ಒಣಗಿದ ದಂಟಿನ ಸಿಪ್ಪೆ ಸುಲಿದರೆ ಒಳಗೆ ಹಗುರವಾದ ಬಿಳಿ ಬೆಂಡು. ಬೆಂಡು ಮತ್ತು ಸಿಪ್ಪೆಯಿಂದಲೇ ಚಕ್ಕಡಿ, ಕನ್ನಡಕ, ಎತ್ತು ಎಲ್ಲ ಆಗುತ್ತಿದ್ದವು. ಗಿರಗಿಟ್ಲೆಗಾದರೆ ಬೆಂಡಿನ ಒಂದು ತುಂಡು ಗುಂಬ, ಅದಕ್ಕೆ ಅಡ್ಡಡ್ಡ ಚುಚ್ಚಿದ ಸಿಪ್ಪೆಯ ಸೀಳುಗಳು, ಸೀಳಿನ ತುದಿಗೆ ಸ್ವಲ್ಪ ಓರೆಯಾಗಿ ಸಿಕ್ಕಿಸಿದ ಕಾಗದದ ಚೂರು. ಅಚ್ಚಿಗೆ ಜಾಲಿಮುಳ್ಳು. ಗುಂಡುಸೂಜಿ ಇಲ್ಲದ ಮನೆಯ ಮಗುವಿಗೂ ಬೇಲಿಯ ಮೇಲೆ ಮುಳ್ಳು ಇದ್ದೇ ಇರುತ್ತಿತ್ತು.

ಗಿರಗಿಟ್ಲೆ ನಮ್ಮೊಬ್ಬರದೇ ಅಲ್ಲ. ಬೀಜಿಂಗಿನಲ್ಲಿ ಹೊಸ ವರ್ಷದ ಗುಡಿ ಜಾತ್ರೆಗೆ ಅದು ಬೇಕು. ಜಪಾನಿನಲ್ಲಿ ಕಜಗುರುಮ ಎನ್ನುತ್ತಾರೆ. ಹಿರೋನಿಮಸ್ ಬಾಷ್ ಬಿಡಿಸಿದ ಬಾಲಯೇಸುವಿನ ಕೈಯಲ್ಲೂ ಒಂದು ಪುಟ್ಟ ಗಾಳಿಗಿರಣಿ ಇದೆ, ಆ ಚಿತ್ರ ಇಂದಿಗೂ ವಿಯೆನ್ನಾದ ಸಂಗ್ರಹಾಲಯದಲ್ಲಿದೆ. ಆದ್ದರಿಂದ ಇದನ್ನು ಕನ್ನಡದ ಕಲೆ ಎಂದು ಮೆರೆಸುವುದಕ್ಕೆ ನನಗೆ ಮನಸ್ಸಿಲ್ಲ. ಕರಾವಳಿಯ ಮಗು ಗರಿಯತ್ತ, ಬಯಲುಸೀಮೆಯ ಮಗು ದಂಟಿನತ್ತ ಕೈ ಚಾಚಿತಲ್ಲ, ಆ ಕೈಚಾಚುವ ಅಭ್ಯಾಸ ನಮ್ಮದು. ಅದನ್ನೇ ಮಕ್ಕಳಿಗೆ ದಾಟಿಸಬೇಕಾಗಿರುವುದು. ಹಾಗಾಗಿ ಇಲಿನಾಯ್‌ಗೆ ತೆಂಗಿನ ಗರಿ ತರಿಸುವ ಪ್ರಶ್ನೆಯೇ ಬರುವುದಿಲ್ಲ. ಇಲ್ಲಿ ಏನು ಬೆಳೆಯುತ್ತದೆ ಎಂದು ಸುತ್ತ ನೋಡಬೇಕು.

ಸುತ್ತ ನೋಡಿದರೆ ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ! ಅದರ ದಂಟಿನಲ್ಲೂ ಬೆಂಡು ಇದೆ. ಊರಿನ ಜೋಳದ ದಂಟಿಗಿಂತ ದಪ್ಪ, ಮಕ್ಕಳ ಬೆರಳಿಗೆ ಇನ್ನೂ ಸಲೀಸು. ಈ ಸಲ ಮಗಳ ಮನೆಗೆ ಬಂದಿದ್ದ ಗದಗದ ಕಡೆಯ ಹಿರಿಯರೊಬ್ಬರು ನಮ್ಮ ಕನ್ನಡ ಶಾಲೆಯಲ್ಲಿ ಒಂದು ದಂಟನ್ನು ಕೈಗೆತ್ತಿಕೊಂಡು ಉಗುರಿನಿಂದ ಸಿಪ್ಪೆ ಎಬ್ಬಿಸಿದ್ದೇ ತಡ, ಹುಡುಗರು ಸುತ್ತ ಮುತ್ತಿಕೊಂಡರು. "ಹಂಗಲ್ಲ ತಮ್ಮಾ, ಸಿಪ್ಪಿ ಎಳಿಯುವಾಗ ಬೆರಳು ದೂರ ಇಡು, ಕೊಯ್ತೈತಿ" ಎಂದು ಅವರು ಹೇಳಿದ ಮಾತು ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ. ಜಾಲಿಮುಳ್ಳಿಗೂ ಇಲ್ಲಿ ನೆಂಟರಿದ್ದಾರೆ. ಹನಿ ಲೋಕಸ್ಟ್ ಎಂಬ ಇಲ್ಲಿಯದೇ ಮರದ ಕಾಂಡದ ಮೇಲೆ ಬೆರಳುದ್ದದ ಮುಳ್ಳುಗಳು ಎದ್ದಿರುತ್ತವೆ. ಬೀದಿ ಬದಿಗೆ ನೆಟ್ಟಿರುವುದು ಮುಳ್ಳಿಲ್ಲದ ತಳಿ. ಮುಳ್ಳಿನದು ಬೇಕಾದರೆ ಕಾಡಿನ ಅಂಚಿಗೆ ಹೋಗಬೇಕು, ದೊಡ್ಡವರೇ ಮುರಿದು ತರಬೇಕು.

ದಂಟು ಸಿಗದ ತಿಂಗಳುಗಳಿಗೆ ಕಾಗದ ಇದೆ. ಅದರ ಹದವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಮನೆಯಲ್ಲಿ ಮಾಡಿದ ಗಿರಗಿಟ್ಲೆ ನಿಲ್ಲುವುದು ಸಣ್ಣ ಸಣ್ಣ ಕಾರಣಗಳಿಗೆ. ಕಾಗದ ಚೌಕವಾಗಿರಬೇಕು, ಒಂದು ಬದಿ ಆರು ಅಂಗುಲ ಇದ್ದರೆ ಚಿಕ್ಕ ಕೈಗಳಿಗೆ ಸರಿ. ಸುದ್ದಿಪತ್ರಿಕೆ ಮೆತ್ತಗಾಗಿ ಬಾಗಿಬಿಡುತ್ತದೆ, ಲಗ್ನಪತ್ರಿಕೆಯ ರಟ್ಟು ಬಾಗುವುದೇ ಇಲ್ಲ. ಪ್ರಿಂಟರಿನ ಹಾಳೆ, ಹಳೆಯ ಕ್ಯಾಲೆಂಡರಿನ ಹಾಳೆ ಒಳ್ಳೆಯದು. ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆದು ಗೆರೆಯ ಮೇಲೆ ಕತ್ತರಿಸಬೇಕು, ನಡುವಿಗೆ ಒಂದು ಬೆರಳಗಲ ಇರುವಾಗ ನಿಲ್ಲಿಸಬೇಕು. ಈಗ ನಾಲ್ಕು ಮೂಲೆಗಳು ಸೀಳಿ ಎಂಟು ಕಿವಿಗಳಾಗಿರುತ್ತವೆ.

ಬಹಳ ಮಕ್ಕಳು ಎಡವುವುದು ಇಲ್ಲೇ. "ಅಜ್ಜಿ, ಇದು ತಿರುಗ್ತಾನೇ ಇಲ್ಲ" ಎಂದು ಒಬ್ಬಳು ಮುಖ ಚಿಕ್ಕದು ಮಾಡಿಕೊಂಡಾಗ ಹಾಸನದ ಅಜ್ಜಿಯೊಬ್ಬರು ಅದನ್ನು ಕೈಗೆ ತೆಗೆದುಕೊಂಡು, "ಒಂದು ಬಿಟ್ಟು ಒಂದು ಕಿವಿ ಹಿಡಿ ಪುಟ್ಟಿ, ಪಕ್ಕಪಕ್ಕದ್ದು ಹಿಡೀಬೇಡ" ಎಂದರು. ಅಷ್ಟೇ ಗುಟ್ಟು. ಒಂದು ಬಿಟ್ಟು ಒಂದರಂತೆ ನಾಲ್ಕು ಕಿವಿಗಳನ್ನು ನಡುವಿಗೆ ತರಬೇಕು, ತರುವಾಗ ಮಡಿಕೆಯ ಗೆರೆ ಬೀಳಬಾರದು. ರೆಕ್ಕೆಯ ಹೊಟ್ಟೆ ಉಬ್ಬಿಯೇ ಇರಬೇಕು, ಗಾಳಿ ತುಂಬುವುದು ಅಲ್ಲಿಗೆ. ನಾಲ್ಕು ಕಿವಿಗೂ ನಡುವಿಗೂ ಸೇರಿ ಒಂದು ಗುಂಡುಸೂಜಿ. ತೂತು ಸೂಜಿಗಿಂತ ಸ್ವಲ್ಪ ದೊಡ್ಡದಿರಲಿ. ಕಾಗದಕ್ಕೂ ಕೋಲಿಗೂ ನಡುವೆ ಒಂದು ಚಿಕ್ಕ ಮಣಿ ಪೋಣಿಸಲೇಬೇಕು. ಮಣಿ ಇಲ್ಲದ ಗಿರಗಿಟ್ಲೆಯ ಬೆನ್ನು ಕೋಲಿಗೆ ಉಜ್ಜಿಕೊಂಡು ಎರಡು ಸುತ್ತಿಗೇ ನಿಲ್ಲುತ್ತದೆ. ಕೋಲಿಗೆ ತಲೆಯಲ್ಲಿ ರಬ್ಬರ್ ಇರುವ ಪೆನ್ಸಿಲ್ಲಿಗಿಂತ ಒಳ್ಳೆಯದು ಇಲ್ಲ, ಸೂಜಿ ರಬ್ಬರಿನೊಳಗೆ ಗಟ್ಟಿಯಾಗಿ ಕೂರುತ್ತದೆ. ತುದಿ ಹಿಂದೆ ಹೊರಬಂದರೆ ದೊಡ್ಡವರು ಬಾಗಿಸಿ ಟೇಪು ಸುತ್ತಬೇಕು. ಎಲ್ಲವನ್ನೂ ಬಾಯಿಗೆ ಹಾಕುವ ವಯಸ್ಸಿನ ಮಕ್ಕಳಿದ್ದರೆ ಮಣಿ ಮತ್ತು ಸೂಜಿಯ ಡಬ್ಬಿ ದೊಡ್ಡವರ ಹತ್ತಿರವೇ ಇರಲಿ.

ತಿರುಗಿದ ಮೇಲೆ ಮಕ್ಕಳು ಕೇಳುವ ಪ್ರಶ್ನೆಗಳೇ ಬೇರೆ. ಗಾಳಿ ನೇರ ಬಂದರೂ ಇದು ಸುತ್ತಲೂ ಯಾಕೆ ತಿರುಗುತ್ತದೆ? ಉಬ್ಬಿದ ಹೊಟ್ಟೆಯೊಳಗೆ ಬಂದ ಗಾಳಿ ದಿಕ್ಕು ಬದಲಿಸಿ ಪಕ್ಕಕ್ಕೆ ಹೊರಹೋಗುತ್ತದೆ, ಹೋಗುವಾಗ ರೆಕ್ಕೆಯನ್ನು ಎದುರು ದಿಕ್ಕಿಗೆ ತಳ್ಳುತ್ತದೆ. ಬಾಯಲ್ಲಿ ಹೇಳುವುದಕ್ಕಿಂತ ಇನ್ನೊಂದು ಮಾಡಿ ತೋರಿಸುವುದು ಮೇಲು. ಎರಡನೆಯದರಲ್ಲಿ ಬಿಟ್ಟ ಕಿವಿಗಳನ್ನು ಹಿಡಿದು, ಹಿಡಿದವನ್ನು ಬಿಟ್ಟರೆ ಅದು ಉಲ್ಟಾ ತಿರುಗುತ್ತದೆ. ಎರಡನ್ನೂ ಅಕ್ಕಪಕ್ಕ ಹಿಡಿದು ಊದಿದ ಮಗುವಿಗೆ ಆಮೇಲೆ ಪಾಠ ಬೇಕಾಗುವುದಿಲ್ಲ. ಇದೇ ನಂಬಿಕೆಯಿಂದ ಕಸದಿಂದ ಆಟಿಕೆ ಮಾಡಿಸಿ ವಿಜ್ಞಾನ ಕಲಿಸಿದ ಅರವಿಂದ ಗುಪ್ತ ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಸುದರ್ಶನ್ ಖನ್ನಾ ಅವರಂತೂ ಜಾತ್ರೆಯ ಜನಪದ ಆಟಿಕೆಗಳನ್ನು ಕೂಡಿಸಿ, ಮಾಡುವ ಬಗೆ ಬರೆದಿಟ್ಟಿದ್ದಾರೆ. ನಮ್ಮ ಸಂಘದ ಪುಸ್ತಕದ ಕಪಾಟಿನಲ್ಲಿ ಅವರಿಬ್ಬರಿಗೂ ಜಾಗ ಇರಬೇಕು ಎಂಬುದು ನನ್ನ ಆಸೆ.

ನಾವಿರುವ ಊರುಗಳೂ ಗಾಳಿಯ ಊರುಗಳೇ. ಅರೋರಾದ ಬಾಲಾಜಿ ಗುಡಿಗೆ ಹೋಗಿ ಬರುವವರು ಪಕ್ಕದ ಬಟೇವಿಯಾದಲ್ಲಿ ಇಳಿದರೆ ನದಿ ದಂಡೆಯಲ್ಲಿ ಹಳೆಯ ಗಾಳಿಯಂತ್ರಗಳು ನಿಂತಿರುವುದು ಕಾಣುತ್ತದೆ. ಹೊಲಗಳಿಗೆ ನೀರೆತ್ತುವ ಯಂತ್ರಗಳನ್ನು ಒಂದು ಕಾಲಕ್ಕೆ ಆ ಊರಿನ ಕಾರ್ಖಾನೆಗಳೇ ಮಾಡುತ್ತಿದ್ದವು. ಇನ್ನೂ ಸ್ವಲ್ಪ ಮುಂದೆ ಜಿನೀವಾದಲ್ಲಿ ಹಾಲೆಂಡ್ ಮಾದರಿಯ ಫೇಬಿಯನ್ ಗಾಳಿಗಿರಣಿ, 19ನೆಯ ಶತಮಾನದ್ದು, ನಾಲ್ಕು ದೊಡ್ಡ ರೆಕ್ಕೆಗಳದ್ದು. ಪಶ್ಚಿಮಕ್ಕೆ ಹೋಗಿ ಇಂಟರ್‌ಸ್ಟೇಟ್ 39 ಹಿಡಿದರೆ ಮೆಕ್ಕೆಜೋಳದ ಹೊಲಗಳ ನಡುವೆ ಮೂರು ರೆಕ್ಕೆಯ ಬಿಳಿ ಕಂಬಗಳು. ಚಿತ್ರದುರ್ಗದ ಗುಡ್ಡಗಳಲ್ಲಿ, ಗದಗದ ಕಪ್ಪತಗುಡ್ಡದ ಸುತ್ತ ತಿರುಗುವುದೂ ಇವೇ. ಮುಂದಿನ ಬೇಸಗೆಯಲ್ಲಿ ಮಕ್ಕಳನ್ನು ಊರಿಗೆ ಕರೆದುಕೊಂಡು ಹೋದಾಗ ಹೆದ್ದಾರಿಯಲ್ಲಿ ಕಾರು ನಿಲ್ಲಿಸಿ ತೋರಿಸಿ. ಕೈಯಲ್ಲಿ ಗಿರಗಿಟ್ಲೆ ಮಾಡಿದ ಮಗು ಆ ರೆಕ್ಕೆಯ ಓರೆಯನ್ನು ತಾನೇ ಗುರುತಿಸುತ್ತದೆ.

ಚಳಿಗಾಲದಲ್ಲಿ ಹೊರಗೆ ಓಡುವಂತಿಲ್ಲ. ಆಗ ಮನೆಯ ನೆಲದ ಜಾಲರಿಯಿಂದ ಬಿಸಿಗಾಳಿ ಏಳುತ್ತದಲ್ಲ, ಅದರ ಮೇಲೆ ಗಿರಗಿಟ್ಲೆಯ ಮುಖ ಕೆಳಗೆ ಮಾಡಿ ಹಿಡಿದರೆ ಸಾಕು.

ಈ ವರ್ಷದ ರಾಜ್ಯೋತ್ಸವಕ್ಕೆ ಮಕ್ಕಳೆಲ್ಲ ಸೇರಿ ಒಂದು ಸಾಲು ಗಿರಗಿಟ್ಲೆ ಮಾಡಿ ಸಭಾಂಗಣದ ಮುಂದಿನ ಹುಲ್ಲಿನ ಮೇಲೆ ನೆಡಬೇಕೆಂದಿದ್ದೇವೆ. ಕಾಗದಕ್ಕೆ ಒಂದು ಮುಖ ಹಳದಿ, ಇನ್ನೊಂದು ಮುಖ ಕೆಂಪು; ಕಿವಿ ಬಾಗಿದಾಗ ಎರಡೂ ಬಣ್ಣ ತಾವಾಗಿಯೇ ಒಂದರ ಪಕ್ಕ ಒಂದು ಬರುತ್ತವೆ. ಮೆಕ್ಕೆಜೋಳದ ದಂಟಿನವನ್ನೂ ಮಾಡಿಸುವ ಯೋಚನೆ ಇದೆ. ಅಕ್ಟೋಬರಿನಲ್ಲಿ ಇಲ್ಲಿಯ ಮನೆಗಳ ಬಾಗಿಲಿಗೆ ಅಲಂಕಾರಕ್ಕೆಂದು ಒಣ ದಂಟಿನ ಕಟ್ಟು ಕಟ್ಟಿರುತ್ತಾರೆ, ಹ್ಯಾಲೋವೀನ್ ಮುಗಿದ ಮಾರನೆಯ ದಿನದಿಂದ ಅದು ಕಸದ ಬುಟ್ಟಿಯ ಪಕ್ಕ ಬಂದು ನಿಲ್ಲುತ್ತದೆ. ಆ ಮಾರನೆಯ ದಿನವೇ ನವೆಂಬರ್ 1. ನಿಮ್ಮ ಬೀದಿಯಲ್ಲಿ ಅಂಥ ಕಟ್ಟು ಕಂಡರೆ ಮನೆಯವರನ್ನು ಒಂದು ಮಾತು ಕೇಳಿ ಎತ್ತಿಟ್ಟುಕೊಳ್ಳಿ. ಮಳೆಗೆ ನೆನೆದಿದ್ದರೆ ಬೇಡ, ಬೆಂಡು ಮೆತ್ತಗಾಗಿ ಮುಳ್ಳು ನಿಲ್ಲುವುದಿಲ್ಲ.